ಪೋರ್ಟ್‌ಫೋಲಿಯೊವನ್ನು ಅಳೆಯುವ ಮೊದಲು: ನಿರ್ಧಾರಕ್ಕೆ ಬರುವ ಮಾಪಕಗಳನ್ನು ರೂಪಿಸುವ ಕ್ರಮ

ಇಪ್ಪತ್ತು, ಮೂವತ್ತು ಪ್ರಾಜೆಕ್ಟ್‌ಗಳು ಒಟ್ಟೊಟ್ಟಿಗೆ ನಡೆಯುವ ಸಂಸ್ಥೆಗಳಿಂದ ಪದೇಪದೇ ಬರುವ ಪ್ರಶ್ನೆ ಒಂದೇ: “ಯಾವ ಕೆಪಿಐಗಳನ್ನು (ಪ್ರಮುಖ ಸಾಧನಾ ಸೂಚಕಗಳನ್ನು) ಇಡಬೇಕು? ಒಂದು ಪಟ್ಟಿ ಕೊಡಿ.” ವಿಚಾರಿಸಿ ನೋಡಿದರೆ ಕೇಳಿದವರ ಬಳಿ ಆಗಲೇ ನಲವತ್ತು ಸೂಚಕಗಳ ಪಟ್ಟಿ ಇರುತ್ತದೆ. ಆ ನಲವತ್ತರಲ್ಲಿ ಯಾವುದು ಕೆಟ್ಟರೆ ಯಾರು ಏನು ಮಾಡಬೇಕು ಎಂಬುದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಆದ್ದರಿಂದ ನಿಮಗೆ ಇನ್ನೊಂದು ಪಟ್ಟಿ ಕೊಡುವ ಉತ್ಸಾಹ ನನಗಿಲ್ಲ. ಮಾಪಕವನ್ನು ಹುಟ್ಟಿಸುವುದು, ಪರೀಕ್ಷಿಸುವುದು, ಬೇಡವಾದಾಗ ಕೈಬಿಡುವುದು ಹೇಗೆ ಎಂಬುದನ್ನು ಹಂತಹಂತವಾಗಿ ಹೇಳುತ್ತೇನೆ.

ಮೊದಲು ಪದಗಳು. ಕನ್ನಡದಲ್ಲಿ ‘ಯೋಜನೆ’ ಎಂಬ ಒಂದೇ ಪದ ಪ್ಲಾನ್, ಸ್ಕೀಮ್, ಪ್ರಾಜೆಕ್ಟ್ ಮೂರರ ಭಾರವನ್ನೂ ಹೊತ್ತಿದೆ. ಸಭೆಯ ಅರ್ಧ ಗೊಂದಲ ಅಲ್ಲೇ ಹುಟ್ಟುತ್ತದೆ. ಹಾಗಾಗಿ ಇಲ್ಲಿ ಆದಿ, ಅಂತ್ಯ ಮತ್ತು ಬಜೆಟ್ ಇರುವ ಒಂದು ಕೆಲಸವನ್ನು ‘ಪ್ರಾಜೆಕ್ಟ್’ ಎನ್ನುತ್ತೇನೆ. ಒಂದೇ ಹಣದ ಚೀಲದಿಂದ, ಅದೇ ಜನರ ಕೈಯಿಂದ ನಡೆಯುವ ಎಲ್ಲ ಪ್ರಾಜೆಕ್ಟ್‌ಗಳ ಸಮೂಹ ‘ಪೋರ್ಟ್‌ಫೋಲಿಯೊ’. ಅಳೆಯುವ ಸಂಖ್ಯೆ ‘ಮಾಪಕ’. ಕೆಪಿಐ ಎಂದರೆ ಮಾಪಕಗಳ ಪೈಕಿ ಮೇಲಿನವರು ನಿಜವಾಗಿ ನೋಡಲೇಬೇಕಾದ ಕೆಲವೇ ಕೆಲವು.

ಪ್ರಾಜೆಕ್ಟಿನ ಮಾಪಕ ಬೇರೆ, ಪೋರ್ಟ್‌ಫೋಲಿಯೊದ ಮಾಪಕ ಬೇರೆ. ಪ್ರಾಜೆಕ್ಟ್ ಮ್ಯಾನೇಜರ್ ಕೇಳುವುದು, “ಈ ಕೆಲಸ ಸರಿಯಾಗಿ ಆಗುತ್ತಿದೆಯೇ?” ಪೋರ್ಟ್‌ಫೋಲಿಯೊ ನೋಡುವವರು ಕೇಳಬೇಕಾದುದು, “ಈ ಕೆಲಸವನ್ನೇ ಮಾಡಬೇಕೇ? ಇದೇ ಹಣ ಬೇರೆ ಕಡೆ ಹೋಗಬೇಕೇ?” ಮೊದಲ ಪ್ರಶ್ನೆಯ ಉತ್ತರಗಳನ್ನು ಎಷ್ಟು ಕೂಡಿಸಿದರೂ ಎರಡನೆಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮುಂದಿನ ಹಂತಗಳೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ.

ಕೈಯಲ್ಲಿ ಇರಬೇಕಾದವು

ನಡೆಯುತ್ತಿರುವ ಎಲ್ಲ ಪ್ರಾಜೆಕ್ಟ್‌ಗಳ ಪಟ್ಟಿ, ಪ್ರತಿಯೊಂದರ ಮೂಲ ಬಜೆಟ್ ಮತ್ತು ಮೂಲ ಮುಕ್ತಾಯದ ದಿನಾಂಕ, ಈವರೆಗೆ ಆಗಿರುವ ವೆಚ್ಚ, ಸಂಸ್ಥೆಯ ಈ ವರ್ಷದ ಮೂರು ಅಥವಾ ನಾಲ್ಕು ಗುರಿಗಳು. ಇವುಗಳ ಜೊತೆಗೆ, ಪ್ರಾಜೆಕ್ಟನ್ನು ನಿಲ್ಲಿಸುವ ಅಧಿಕಾರ ಇರುವ ಒಬ್ಬರ ಎರಡು ಗಂಟೆ ಸಮಯ. ಇದು ಸಿಗದಿದ್ದರೆ ಮುಂದೆ ಹೋಗಬೇಡಿ. ನಿಲ್ಲಿಸಲು ಯಾರಿಗೂ ಅಧಿಕಾರವಿಲ್ಲದ ಕಡೆ ಮಾಪಕಗಳು ಗೋಡೆಯ ಮೇಲಿನ ಕ್ಯಾಲೆಂಡರ್‌ಗಿಂತ ಹೆಚ್ಚಿನ ಕೆಲಸ ಮಾಡುವುದಿಲ್ಲ.

ವಿವರಣೆಗಾಗಿ ಒಂದು ಕಲ್ಪಿತ ಸಹಕಾರಿ ಬ್ಯಾಂಕನ್ನು ಇಟ್ಟುಕೊಳ್ಳೋಣ. ಕೋರ್ ಬ್ಯಾಂಕಿಂಗ್ (ಎಲ್ಲ ಶಾಖೆಗಳ ಖಾತೆಗಳನ್ನು ಒಂದೇ ಕಡೆ ನಡೆಸುವ ಸಾಫ್ಟ್‌ವೇರ್) ಬದಲಾವಣೆ, ಮೊಬೈಲ್ ಆ್ಯಪ್, ಹೊಸ ಶಾಖೆಗಳು, ಹಳೆಯ ಶಾಖೆಗಳ ನವೀಕರಣ ಎಲ್ಲ ಸೇರಿ ಅಲ್ಲಿ 24 ಪ್ರಾಜೆಕ್ಟ್‌ಗಳು ನಡೆಯುತ್ತಿವೆ.

ಹಂತ 1: ನಿರ್ಧಾರಗಳನ್ನು ಮೊದಲು ಬರೆಯಿರಿ

ಖಾಲಿ ಹಾಳೆಯ ಮೇಲೆ, ಮುಂದಿನ ಆರು ತಿಂಗಳಲ್ಲಿ ಆಡಳಿತ ಮಂಡಳಿ ನಿಜವಾಗಿ ತೆಗೆದುಕೊಳ್ಳಬೇಕಾದ ನಿರ್ಧಾರಗಳನ್ನು ಬರೆಯಿರಿ. ನಮ್ಮ ಬ್ಯಾಂಕಿನಲ್ಲಿ ಅವು ಹೀಗಿರಬಹುದು: ಹೊಸ ಶಾಖೆಗಳನ್ನು ಮುಂದುವರಿಸಬೇಕೇ? ಕೋರ್ ಬ್ಯಾಂಕಿಂಗ್‌ಗೆ ಇನ್ನಷ್ಟು ಜನರನ್ನು ಕೊಡಬೇಕೇ? ಈ ತ್ರೈಮಾಸಿಕದಲ್ಲಿ ಹೊಸದೇನನ್ನಾದರೂ ಆರಂಭಿಸಬಹುದೇ?

ಈಗ ಪ್ರತಿ ನಿರ್ಧಾರದ ಎದುರು, ಅದನ್ನು ತೆಗೆದುಕೊಳ್ಳಲು ಯಾವ ಸಂಖ್ಯೆ ಗೊತ್ತಿರಬೇಕು ಎಂದು ಬರೆಯಿರಿ. ನಿಮ್ಮ ಮಾಪಕಗಳ ಮೊದಲ ಕರಡು ಇದೇ. ಆಮೇಲೆ ಹಳೆಯ ಪಟ್ಟಿಯನ್ನು ತೆಗೆದು, ಪ್ರತಿ ಸೂಚಕಕ್ಕೂ ಒಂದು ಪ್ರಶ್ನೆ ಹಾಕಿ: ಈ ಸಂಖ್ಯೆ ನಾಳೆ ಅರ್ಧಕ್ಕೆ ಇಳಿದರೆ ನಾವು ಏನು ಬೇರೆ ಮಾಡುತ್ತೇವೆ? “ಏನೂ ಇಲ್ಲ” ಎಂಬುದೇ ಉತ್ತರವಾದರೆ ಅದನ್ನು ಹೊಡೆದು ಹಾಕಿ. ನಾನು ಹಿಂದೆ ಇದ್ದ ಒಂದು ಕಚೇರಿಯಲ್ಲಿ ಪ್ರತಿ ತಿಂಗಳು ದಪ್ಪ ವರದಿ ತಯಾರಾಗುತ್ತಿತ್ತು. ಒಂದು ತಿಂಗಳು ಅದು ಹೋಗಲೇ ಇಲ್ಲ, ಯಾರೂ ಕೇಳಲೂ ಇಲ್ಲ.

ಎಡವುವ ಜಾಗ: “ಇದರ ದತ್ತಾಂಶ ಹೇಗೂ ಸಿಗುತ್ತದೆ, ಇಡೋಣ ಬಿಡಿ” ಎಂಬ ಮಾತು. ಸುಲಭವಾಗಿ ಸಿಗುವುದನ್ನು ಅಳೆಯುತ್ತಾ ಹೋದರೆ, ಕಷ್ಟಪಟ್ಟು ಅಳೆಯಬೇಕಾದದ್ದು ಹಿಂದೆಯೇ ಉಳಿಯುತ್ತದೆ.

ಹಂತ 2: ಎಷ್ಟು ನಡೆಯುತ್ತಿವೆ, ಎಷ್ಟು ಮುಗಿಯುತ್ತಿವೆ ಎಣಿಸಿ

ಇದು ಅತ್ಯಂತ ಅಗ್ಗದ, ಆದರೆ ಹೆಚ್ಚಿನವರು ಮಾಡದ ಲೆಕ್ಕ. ಅಮೆರಿಕದ ಜಾನ್ ಲಿಟ್ಲ್ 1961ರಲ್ಲಿ ಸಾಬೀತುಪಡಿಸಿದ, ಸರತಿ ಸಾಲುಗಳ ಕುರಿತ ಒಂದು ಸರಳ ನಿಯಮವಿದೆ. ಸಾಲಿನಲ್ಲಿರುವ ಕೆಲಸಗಳ ಸಂಖ್ಯೆಯನ್ನು ಮುಗಿಯುವ ವೇಗದಿಂದ ಭಾಗಿಸಿದರೆ, ಒಂದು ಕೆಲಸ ಸರಾಸರಿ ಎಷ್ಟು ಕಾಲ ಒಳಗೆ ಉಳಿಯುತ್ತದೆ ಎಂಬುದು ಸಿಗುತ್ತದೆ. ನಮ್ಮ ಬ್ಯಾಂಕಿನಲ್ಲಿ 24 ಪ್ರಾಜೆಕ್ಟ್‌ಗಳಿವೆ, ವರ್ಷಕ್ಕೆ 8 ಮುಗಿಯುತ್ತವೆ ಎಂದುಕೊಳ್ಳಿ. 24 ಭಾಗಿಸು 8, ಅಂದರೆ ಒಂದೊಂದು ಪ್ರಾಜೆಕ್ಟಿಗೆ ಸರಾಸರಿ ಮೂರು ವರ್ಷ. ಕಡತದಲ್ಲಿ ಪ್ರತಿಯೊಂದರ ಮುಂದೆ “12 ತಿಂಗಳು” ಎಂದು ಬರೆದಿದ್ದರೂ ಅಷ್ಟೇ. ಶುರುವಾಗುವ ಮತ್ತು ಮುಗಿಯುವ ವೇಗ ಹೆಚ್ಚುಕಡಿಮೆ ಸ್ಥಿರವಾಗಿರುವಾಗ ಈ ಲೆಕ್ಕ ಹೊಂದುತ್ತದೆ. ಒಂದೇ ವರ್ಷದಲ್ಲಿ ಹತ್ತು ಹೊಸ ಪ್ರಾಜೆಕ್ಟ್‌ಗಳನ್ನು ಸೇರಿಸಿದ್ದರೆ ಎರಡು ಮೂರು ವರ್ಷಗಳ ಸರಾಸರಿ ತೆಗೆದುಕೊಳ್ಳಿ.

ಈ ಒಂದು ಸಂಖ್ಯೆಯನ್ನು ಮಂಡಳಿಯ ಮುಂದೆ ಇಟ್ಟರೆ “ಎಲ್ಲವೂ ಯಾಕೆ ತಡ?” ಎಂಬ ಪ್ರಶ್ನೆ “ಎಷ್ಟನ್ನು ತಡೆಹಿಡಿಯೋಣ?” ಎಂದು ಬದಲಾಗುತ್ತದೆ. ಹಾಗಾಗಿ ಯಾವ ಸಂಸ್ಥೆಗಾದರೂ ನಾನು ಸೂಚಿಸುವ ಮೊದಲ ಪೋರ್ಟ್‌ಫೋಲಿಯೊ ಮಾಪಕ ಇದೇ: ನಡೆಯುತ್ತಿರುವವು ಎಷ್ಟು, ಕಳೆದ 12 ತಿಂಗಳಲ್ಲಿ ಮುಗಿದವು ಎಷ್ಟು.

ಎಣಿಸುವಾಗ ಕೆಲವು ಪ್ರಾಜೆಕ್ಟ್‌ಗಳು ಬದುಕಿಯೂ ಇಲ್ಲ, ಸತ್ತೂ ಇಲ್ಲ ಎಂಬ ಸ್ಥಿತಿಯಲ್ಲಿ ಸಿಗುತ್ತವೆ. ಆರು ತಿಂಗಳಿಂದ ಖರ್ಚಿಲ್ಲ, ಸಭೆಯಿಲ್ಲ, ಆದರೂ ಪಟ್ಟಿಯಲ್ಲಿವೆ. ಅವನ್ನು ಬೇರೆ ಗುಂಪಾಗಿ ತೋರಿಸಿ; ಸದ್ದಿಲ್ಲದೆ ಅಳಿಸಬೇಡಿ. ಅವುಗಳ ಹಿಂದೆ ಯಾರದೋ ಮರ್ಯಾದೆಯ ಪ್ರಶ್ನೆ ಇರುತ್ತದೆ.

ಹಂತ 3: ಕೆಲಸ ಆಯಿತು ಎಂಬುದನ್ನೂ ಫಲ ಸಿಕ್ಕಿತು ಎಂಬುದನ್ನೂ ಬೇರ್ಪಡಿಸಿ

ಇದು ಈ ಇಡೀ ವಿಷಯದ ಹೃದಯ, ಆದ್ದರಿಂದ ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ. ಪ್ರತಿ ಪ್ರಾಜೆಕ್ಟಿಗೂ ಒಂದು ಸರಪಳಿ ಇದೆ: ಹಾಕಿದ ಹಣ ಮತ್ತು ಶ್ರಮ, ಅದರಿಂದ ತಯಾರಾದ ವಸ್ತು, ಆ ವಸ್ತುವಿನಿಂದ ಜನರ ಬದುಕಿನಲ್ಲಿ ಆದ ಬದಲಾವಣೆ. ಎರಡನೆಯದನ್ನು ಉತ್ಪನ್ನ, ಮೂರನೆಯದನ್ನು ಫಲಿತಾಂಶ ಎನ್ನೋಣ.

ಒಂದು ನಿಜ ಉದಾಹರಣೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ ಮಿಷನ್ ಎಂದರೆ ಹಳ್ಳಿಹಳ್ಳಿಯ ಸಾವಿರಾರು ಸಣ್ಣ ಕಾಮಗಾರಿಗಳ ದೈತ್ಯ ಪೋರ್ಟ್‌ಫೋಲಿಯೊ. ಕರ್ನಾಟಕದಲ್ಲಿ ಅದು ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಪರಿಚಿತ. ಆರಂಭದಲ್ಲಿ ದೇಶದ ಸುಮಾರು 3.23 ಕೋಟಿ ಗ್ರಾಮೀಣ ಮನೆಗಳಿಗೆ ನಲ್ಲಿ ಇತ್ತು. ಈಗ ಆ ಸಂಖ್ಯೆ 15 ಕೋಟಿ ದಾಟಿದೆ. ಸುದ್ದಿಯಲ್ಲಿ ಕಾಣುವ ಸಂಖ್ಯೆ ಇದು. ಆದರೆ ಯೋಜನೆಯನ್ನು ರೂಪಿಸಿದವರು ಬರೀ ನಲ್ಲಿಯನ್ನು ಗುರಿ ಎಂದು ಬರೆದಿರಲಿಲ್ಲ. ‘ಕಾರ್ಯನಿರತ ನಲ್ಲಿ ಸಂಪರ್ಕ’ ಎಂದು ಬರೆದು ಮೂರು ಷರತ್ತು ಹಾಕಿದ್ದರು: ದಿನಕ್ಕೆ ತಲಾ 55 ಲೀಟರ್, ಕುಡಿಯುವ ನೀರಿನ ಬಿಐಎಸ್ 10500 ಮಾನದಂಡಕ್ಕೆ ಹೊಂದುವ ಗುಣಮಟ್ಟ, ನಿಯಮಿತ ಪೂರೈಕೆ. ಒಳ್ಳೆಯ ಮಾಪಕದ ವ್ಯಾಖ್ಯೆ ಹೀಗಿರಬೇಕು.

ಈ ವ್ಯಾಖ್ಯೆಯ ಪ್ರಕಾರ 2022ರಲ್ಲಿ ಮಾದರಿ ಸಮೀಕ್ಷೆ ನಡೆಯಿತು. 86% ಮನೆಗಳ ನಲ್ಲಿಗಳು ಕೆಲಸ ಮಾಡುತ್ತಿದ್ದವು. ಅವುಗಳ ಪೈಕಿ 85% ಮನೆಗಳಿಗೆ ಸಾಕಷ್ಟು ಪ್ರಮಾಣದಲ್ಲಿ, 80% ಮನೆಗಳಿಗೆ ನಿಯಮಿತವಾಗಿ, 87% ಮನೆಗಳಿಗೆ ನಿಗದಿತ ಗುಣಮಟ್ಟದ ನೀರು ಬರುತ್ತಿತ್ತು. ಒಂದೊಂದನ್ನೇ ನೋಡಿದರೆ ಎಲ್ಲವೂ ಡಿಸ್ಟಿಂಕ್ಷನ್ ಅಂಕಗಳೇ. ಆದರೆ ಗೃಹಿಣಿಗೆ ಬೇಕಾದದ್ದು ಮೂರೂ ಒಟ್ಟಿಗೆ. ಈ ಮೂರು ಅಂಶಗಳಿಗೆ ಪರಸ್ಪರ ಸಂಬಂಧವಿಲ್ಲ ಎಂದು ಊಹಿಸಿ ಗುಣಿಸಿದರೆ ಸುಮಾರು 59% ಬರುತ್ತದೆ. ಅದೂ ನಲ್ಲಿ ಕೆಲಸ ಮಾಡುತ್ತಿರುವ ಮನೆಗಳ ಪೈಕಿ ಮಾತ್ರ. ನಿಮ್ಮ ಫಲಿತಾಂಶಕ್ಕೆ ಹಲವು ಷರತ್ತುಗಳಿದ್ದರೆ ಎಲ್ಲವನ್ನೂ ಒಟ್ಟಿಗೆ ಪೂರೈಸಿದವರನ್ನು ಎಣಿಸಿ, ಒಂದೊಂದರ ಶೇಕಡಾವಾರನ್ನು ಸಾಲಾಗಿ ಜೋಡಿಸಿ ಸಮಾಧಾನಪಡಬೇಡಿ ಎಂಬುದು ಇಲ್ಲಿ ಕಲಿಯಬೇಕಾದ ವಿಷಯ.

ಇನ್ನೊಂದು ತೊಡಕಿದೆ. ಫಲಿತಾಂಶ ಗೊತ್ತಾಗುವುದು ತಡವಾಗಿ. ಊರು ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗಬಾರದೆಂದರೆ, ಮುಂಚೆಯೇ ಸುಳಿವು ಕೊಡುವ ಮಾಪಕಗಳೂ ಬೇಕು. ನೀರಿನ ವಿಷಯದಲ್ಲಿ ಅವು ಯಾವುವು ಎಂದು ಯಾವ ಸಲಹೆಗಾರರನ್ನೂ ಕೇಳಬೇಕಿಲ್ಲ, ಊರಿನ ನೀರುಗಂಟಿಯನ್ನು ಕೇಳಿದರೆ ಸಾಕು: ಏಪ್ರಿಲ್‌ನಲ್ಲಿ ಕೊಳವೆಬಾವಿಯ ಇಳುವರಿ ಎಷ್ಟು, ಪಂಚಾಯಿತಿಯ ವಿದ್ಯುತ್ ಬಿಲ್ ಎಷ್ಟು ತಿಂಗಳಿಂದ ಬಾಕಿ, ಮೋಟಾರ್ ಸುಟ್ಟರೆ ಎಷ್ಟು ದಿನದಲ್ಲಿ ರಿಪೇರಿಯಾಗುತ್ತದೆ. ಇವು ಮುನ್ಸೂಚಕ ಮಾಪಕಗಳು. ವರ್ಷದ ಕೊನೆಗೆ ಬರುವ “ಎಷ್ಟು ಮನೆಗೆ ನೀರು” ಎಂಬುದು ಹಿಂದುಸೂಚಕ. ಪ್ರತಿ ಹಿಂದುಸೂಚಕಕ್ಕೂ ಒಂದಾದರೂ ಮುನ್ಸೂಚಕ ಜೊತೆಯಾಗಿರಲಿ.

ನಮ್ಮ ಬ್ಯಾಂಕಿಗೆ ಬಂದರೆ, ಆ್ಯಪ್ ಬಿಡುಗಡೆಯಾಯಿತು ಎಂಬುದು ಉತ್ಪನ್ನ. ಎಷ್ಟು ಜನ ಡೌನ್‌ಲೋಡ್ ಮಾಡಿದರು ಎಂಬುದೂ ಉತ್ಪನ್ನಕ್ಕೇ ಹತ್ತಿರ, ಏಕೆಂದರೆ ಶಾಖೆಯ ಸಿಬ್ಬಂದಿ ಸದಸ್ಯರ ಮೊಬೈಲ್ ಇಸಿದುಕೊಂಡು ಡೌನ್‌ಲೋಡ್ ಮಾಡಿಕೊಡಬಲ್ಲರು. ಕೌಂಟರ್‌ನಲ್ಲಿ ನಡೆಯುತ್ತಿದ್ದ ವ್ಯವಹಾರ ಎಷ್ಟು ಕಡಿಮೆಯಾಯಿತು ಎಂಬುದು ಫಲಿತಾಂಶ.

ಹಂತ 4: ಪ್ರತಿ ಮಾಪಕಕ್ಕೂ ಒಂದು ಚೀಟಿ

ಮಾಪಕದ ಹೆಸರು ಮಾತ್ರ ಇದ್ದರೆ ಮೂರು ವಿಭಾಗಗಳು ಮೂರು ಬಗೆಯಲ್ಲಿ ಲೆಕ್ಕ ಹಾಕುತ್ತವೆ. ಅರ್ಧ ಪುಟ ಮೀರದ ಚೀಟಿಯೊಂದನ್ನು ಮಾಡಿ. ಮಾದರಿ ಹೀಗಿದೆ:

ಹೆಸರು: ಸಕ್ರಿಯ ಆ್ಯಪ್ ಬಳಕೆದಾರರು
ಯಾವ ನಿರ್ಧಾರಕ್ಕೆ: ಆ್ಯಪಿನ ಎರಡನೇ ಹಂತಕ್ಕೆ ಹಣ ಬಿಡುಗಡೆ ಮಾಡಬೇಕೇ
ಲೆಕ್ಕ: ಕಳೆದ 30 ದಿನಗಳಲ್ಲಿ ತಾವೇ ಎರಡು ಅಥವಾ ಹೆಚ್ಚು ಹಣ ವರ್ಗಾವಣೆ ಮಾಡಿದ ಸದಸ್ಯರು, ಭಾಗಿಸು ಒಟ್ಟು ಸದಸ್ಯರು
ಇಂದಿನ ಮಟ್ಟ: 4%
ಗುರಿ: ಮಾರ್ಚ್ ಅಂತ್ಯಕ್ಕೆ 15%
ಎಚ್ಚರಿಕೆಯ ಗೆರೆ: ಡಿಸೆಂಬರ್ ಅಂತ್ಯಕ್ಕೆ 8% ಕೆಳಗಿದ್ದರೆ ಎರಡನೇ ಹಂತ ತಡೆಹಿಡಿಯುವುದು
ಮೂಲ: ವ್ಯವಹಾರ ದಾಖಲೆಯಿಂದ ನೇರವಾಗಿ, ಶಾಖೆಗಳ ವರದಿಯಿಂದಲ್ಲ
ಹೊಣೆ: ಒಬ್ಬ ವ್ಯಕ್ತಿ (ವಿಭಾಗದ ಹೆಸರು ಸಾಲದು)

ಇಂದಿನ ಮಟ್ಟವನ್ನು ಪ್ರಾಜೆಕ್ಟ್ ಶುರುವಾಗುವ ಮುನ್ನವೇ ಅಳೆದಿಡಿ. ಮುಗಿದ ಮೇಲೆ “ಮೊದಲು ಎಷ್ಟಿತ್ತು?” ಎಂದು ಹುಡುಕಹೊರಟರೆ ಎಲ್ಲರ ನೆನಪೂ ಅವರವರ ಅನುಕೂಲಕ್ಕೆ ತಕ್ಕಂತೆ ಇರುತ್ತದೆ. ಚೀಟಿಯಲ್ಲಿ ಅತಿ ಮುಖ್ಯವಾದ ಸಾಲು ಎಚ್ಚರಿಕೆಯ ಗೆರೆ. ಅದನ್ನು ಸಂಖ್ಯೆ ಬರುವ ಮುನ್ನವೇ ಎಳೆಯಬೇಕು. ಬಂದ ಮೇಲೆ ಎಳೆದರೆ ಗೆರೆ ಯಾವಾಗಲೂ ಸಂಖ್ಯೆಯ ಆಚೆ ಬದಿಗೇ ಬೀಳುತ್ತದೆ.

ಹಂತ 5: ಕೂಡಿಸುವಾಗ ಎಚ್ಚರ

ದೊಡ್ಡ ಸಂಸ್ಥೆಗಳಲ್ಲಿ ‘ಗಳಿಸಿದ ಮೌಲ್ಯ’ ಎಂಬ ಲೆಕ್ಕ ಬಳಕೆಯಲ್ಲಿದೆ. ಇಷ್ಟು ಹೊತ್ತಿಗೆ ಎಷ್ಟು ರೂಪಾಯಿಯ ಕೆಲಸ ಆಗಬೇಕಿತ್ತು, ನಿಜಕ್ಕೂ ಎಷ್ಟು ರೂಪಾಯಿಯ ಕೆಲಸ ಆಗಿದೆ ಎಂದು ಹೋಲಿಸುವ ಕ್ರಮ ಇದು. ಆದದ್ದನ್ನು ಆಗಬೇಕಿದ್ದದ್ದರಿಂದ ಭಾಗಿಸಿದರೆ ಬರುವುದು ವೇಳಾಪಟ್ಟಿ ಸೂಚ್ಯಂಕ, ಅಂದರೆ ಎಸ್‌ಪಿಐ. ಒಂದಕ್ಕಿಂತ ಕಡಿಮೆ ಇದ್ದರೆ ಕೆಲಸ ಹಿಂದಿದೆ ಎಂದರ್ಥ.

ಬ್ಯಾಂಕಿನ ಕೋರ್ ಬ್ಯಾಂಕಿಂಗ್ ಪ್ರಾಜೆಕ್ಟಿನಲ್ಲಿ 200 ಲಕ್ಷ ರೂಪಾಯಿಯ ಕೆಲಸ ಆಗಬೇಕಿತ್ತು, 120 ಲಕ್ಷದ್ದು ಆಗಿದೆ: ಎಸ್‌ಪಿಐ 0.6. ಶಾಖೆಗಳ ನವೀಕರಣದಲ್ಲೂ 200 ಲಕ್ಷದ್ದು ಆಗಬೇಕಿತ್ತು, ಗುತ್ತಿಗೆದಾರರು ಚುರುಕಾಗಿದ್ದರಿಂದ 260 ಲಕ್ಷದ್ದು ಆಗಿದೆ: 1.3. ಎರಡನ್ನೂ ಕೂಡಿಸಿದರೆ 400ಕ್ಕೆ 380, ಅಂದರೆ 0.95. ವರದಿಯಲ್ಲಿ ಎಲ್ಲವೂ ನೆಮ್ಮದಿ. ಬಣ್ಣ ಹೊಡೆದ ಗೋಡೆಗಳು ಸೋತ ಸಾಫ್ಟ್‌ವೇರನ್ನು ಮುಚ್ಚಿಹಾಕಿವೆ. ಆದ್ದರಿಂದ ಪೋರ್ಟ್‌ಫೋಲಿಯೊ ಮಟ್ಟದಲ್ಲಿ ಸರಾಸರಿಯ ಬದಲು, 0.8ಕ್ಕಿಂತ ಕೆಳಗಿರುವ ಪ್ರಾಜೆಕ್ಟ್‌ಗಳು ಎಷ್ಟು, ಅವುಗಳಲ್ಲಿ ಸಿಕ್ಕಿಕೊಂಡಿರುವ ಬಜೆಟ್ ಎಷ್ಟು ಎಂದು ತೋರಿಸಿ.

ಎಸ್‌ಪಿಐಗೆ ಇನ್ನೊಂದು ಕುತಂತ್ರದ ಗುಣವಿದೆ. ಪ್ರಾಜೆಕ್ಟ್ ಎಷ್ಟೇ ವರ್ಷ ತಡವಾಗಿ ಮುಗಿದರೂ, ಮುಗಿದ ದಿನ ಆಗಬೇಕಿದ್ದ ಎಲ್ಲ ಕೆಲಸವೂ ಆಗಿರುತ್ತದೆಯಾದ್ದರಿಂದ ಸೂಚ್ಯಂಕ ತಾನಾಗಿಯೇ 1ಕ್ಕೆ ಬಂದು ನಿಲ್ಲುತ್ತದೆ. ಕೊನೆಯ ಮೂರನೇ ಒಂದು ಭಾಗದಲ್ಲಿ ಅದನ್ನು ನಂಬಬೇಡಿ. ನೇರವಾಗಿ ದಿನಗಳನ್ನು ಎಣಿಸಿ.

ಕೂಡಿಸುವಾಗ ಕಾಣೆಯಾಗುವ ಮತ್ತೊಂದು ಸಂಗತಿ, ಒಂದರ ಮೇಲೊಂದರ ಅವಲಂಬನೆ. ಬೆಂಗಳೂರಿನ ಹಳದಿ ಮೆಟ್ರೊ ಮಾರ್ಗ ಇದಕ್ಕೆ ಎಲ್ಲರೂ ಕಣ್ಣಾರೆ ಕಂಡ ಉದಾಹರಣೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿಲೋಮೀಟರ್ ಎತ್ತರಿಸಿದ ಮಾರ್ಗ, 16 ನಿಲ್ದಾಣಗಳ ಕಾಮಗಾರಿ ಮುಗಿದ ಮೇಲೂ ಓಡಿಸಲು ರೈಲುಗಳೇ ಇರಲಿಲ್ಲ. ಕೊನೆಗೆ 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗ ಇದ್ದದ್ದು ಮೂರು ರೈಲುಗಳು, ಸುಮಾರು 25 ನಿಮಿಷಕ್ಕೊಂದು. ಸಿವಿಲ್ ಕಾಮಗಾರಿಯ ಶೇಕಡಾವಾರು ಪ್ರಗತಿಯನ್ನು ಎಷ್ಟು ನಿಖರವಾಗಿ ಅಳೆದಿದ್ದರೂ ಸಿಲ್ಕ್ ಬೋರ್ಡ್‌ನಲ್ಲಿ ನಿಂತ ಪ್ರಯಾಣಿಕನಿಗೆ ಅದರಿಂದ ಪ್ರಯೋಜನವಿರಲಿಲ್ಲ. ನಿಮ್ಮ ಪೋರ್ಟ್‌ಫೋಲಿಯೊದಲ್ಲೂ, ಬಳಕೆಗೆ ಬರಲು ಬೇಕಾದ ತುಣುಕುಗಳ ಪೈಕಿ ಅತ್ಯಂತ ಹಿಂದಿರುವುದರ ದಿನಾಂಕವನ್ನೇ ಇಡೀ ಗುಂಪಿನ ದಿನಾಂಕವೆಂದು ದಾಖಲಿಸಿ.

ಹಂತ 6: ಬಣ್ಣ ಬಳಿಯುವವರು ಯಾರು?

ಕೆಂಪು, ಹಳದಿ, ಹಸಿರು ಬಣ್ಣದ ವರದಿ ಎಲ್ಲ ಕಡೆಯೂ ಇದೆ. ಹೊರಗೆ ಹಸಿರು, ಕೊಯ್ದರೆ ಒಳಗೆ ಕೆಂಪು: ಈ ರೋಗಕ್ಕೆ ಕಲ್ಲಂಗಡಿ ವರದಿ ಎಂಬ ಹೆಸರೇ ಇದೆ. ಪ್ರಾಜೆಕ್ಟ್ ಮ್ಯಾನೇಜರ್ ತಾವೇ ಬಣ್ಣ ಆರಿಸುವವರೆಗೂ ಇದು ವಾಸಿಯಾಗುವುದಿಲ್ಲ. ಬಣ್ಣವನ್ನು ನಿಯಮ ನಿರ್ಧರಿಸಲಿ. ಈಗಿನ ಅಂದಾಜು ಮುಕ್ತಾಯದ ದಿನಾಂಕ ಮೂಲ ದಿನಾಂಕಕ್ಕಿಂತ ಮೂಲ ಅವಧಿಯ 10%ಕ್ಕೂ ಹೆಚ್ಚು ತಡವಾಗಿದ್ದರೆ ಹಳದಿ, 25% ದಾಟಿದರೆ ಕೆಂಪು. ಈ ಶೇಕಡಾವಾರುಗಳು ನನ್ನ ರೂಢಿ. ನಿಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಿ, ಆದರೆ ಎಲ್ಲ ಪ್ರಾಜೆಕ್ಟ್‌ಗಳಿಗೂ ಒಂದೇ ಇರಲಿ.

‘ಮೂಲ’ ಎಂಬ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ತಡವಾದಾಗಲೆಲ್ಲ ದಿನಾಂಕವನ್ನು ಪರಿಷ್ಕರಿಸಿ, ಪರಿಷ್ಕೃತ ದಿನಾಂಕಕ್ಕೆ ಹೋಲಿಸಿದರೆ ಯಾವ ಪ್ರಾಜೆಕ್ಟೂ ತಡವಾಗುವುದಿಲ್ಲ. ಕೇಂದ್ರದ ಸಾಂಖ್ಯಿಕ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯ 150 ಕೋಟಿ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ವೆಚ್ಚದ ಕೇಂದ್ರ ಮೂಲಸೌಕರ್ಯ ಪ್ರಾಜೆಕ್ಟ್‌ಗಳ ಮೇಲೆ ನಿಗಾ ಇಡುತ್ತದೆ. ಅದರ ವರದಿಗಳಲ್ಲಿ ಮೂಲ ವೆಚ್ಚವೂ ಈಗ ನಿರೀಕ್ಷಿತ ವೆಚ್ಚವೂ ಅಕ್ಕಪಕ್ಕದಲ್ಲಿರುತ್ತವೆ. ಆ ಎರಡು ಕಾಲಂಗಳನ್ನು ನೀವೂ ನಕಲು ಮಾಡಿಕೊಳ್ಳಿ. ಪರಿಷ್ಕರಣೆ ತಪ್ಪಲ್ಲ, ಹಳೆಯ ಅಂಕಿಯನ್ನು ಅಳಿಸುವುದು ತಪ್ಪು.

ಕೆಂಪು ತೋರಿಸಿದವರನ್ನು ಸಭೆಯಲ್ಲಿ ನಿಲ್ಲಿಸಿ ಬೈಯುವ ಪದ್ಧತಿ ಇದ್ದರೆ ಈ ಹಂತವನ್ನು ಮಾಡಿ ಉಪಯೋಗವಿಲ್ಲ. ಮುಂದಿನ ತಿಂಗಳಿನಿಂದ ಅಂದಾಜು ದಿನಾಂಕಗಳೇ ಸುಳ್ಳಾಗತೊಡಗುತ್ತವೆ.

ಹಂತ 7: ಜೋಡಿ ಕಟ್ಟಿ

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತಾ ಗುರುತಿಸಿದ ಸಂಗತಿಯೊಂದು ಈಗ ಅವರ ಹೆಸರಿನಲ್ಲೇ ನಿಯಮವಾಗಿದೆ. ಮಾಪಕವನ್ನು ಗುರಿ ಮಾಡಿದೊಡನೆ ಅದು ಒಳ್ಳೆಯ ಮಾಪಕವಾಗಿ ಉಳಿಯುವುದಿಲ್ಲ ಎಂಬುದು ಅದರ ಸಾರ. ವೇಗಕ್ಕೆ ಬಹುಮಾನ ಕೊಟ್ಟರೆ ಗುಣಮಟ್ಟ ಇಳಿಯುತ್ತದೆ, ಉಳಿತಾಯಕ್ಕೆ ಕೊಟ್ಟರೆ ನಿರ್ವಹಣೆ ಸೊರಗುತ್ತದೆ. ಪೂರ್ಣ ಮದ್ದಿಲ್ಲ, ಪಥ್ಯ ಇದೆ. ಪ್ರತಿ ಮಾಪಕದ ಪಕ್ಕದಲ್ಲಿ ಅದನ್ನು ಎದುರಿನಿಂದ ಎಳೆಯುವ ಇನ್ನೊಂದನ್ನು ಇಡಿ. ಮುಗಿದ ಪ್ರಾಜೆಕ್ಟ್‌ಗಳ ಸಂಖ್ಯೆಯ ಜೊತೆ, ಮುಗಿದ ಆರು ತಿಂಗಳೊಳಗೆ ಮತ್ತೆ ಕೈಹಾಕಬೇಕಾದವುಗಳ ಸಂಖ್ಯೆ. ವೆಚ್ಚದ ಉಳಿತಾಯದ ಜೊತೆ ಗ್ರಾಹಕರ ದೂರುಗಳು. ಮಾಪಕಗಳನ್ನು ವೈಯಕ್ತಿಕ ಬಡ್ತಿ, ಬೋನಸ್‌ಗೆ ನೇರವಾಗಿ ಕಟ್ಟುವುದನ್ನಂತೂ ಮೊದಲ ವರ್ಷ ಬೇಡವೇ ಬೇಡ ಎನ್ನುತ್ತೇನೆ.

ಹಂತ 8: ಒಂದು ತ್ರೈಮಾಸಿಕ ಓಡಿಸಿ ನೋಡಿ

ಎಷ್ಟು ಮಾಪಕ ಸಾಕು? ಮಂಡಳಿಯ ಪುಟಕ್ಕೆ ಐದರಿಂದ ಏಳು: ನಡೆಯುತ್ತಿರುವ ಮತ್ತು ಮುಗಿದ ಪ್ರಾಜೆಕ್ಟ್‌ಗಳು, ಕೆಂಪಿನಲ್ಲಿರುವ ಬಜೆಟ್, ಪ್ರತಿ ಗುರಿಗೆ ಹೋಗುತ್ತಿರುವ ಹಣದ ಪಾಲು, ಒಂದಕ್ಕಿಂತ ಹೆಚ್ಚು ಪ್ರಾಜೆಕ್ಟ್‌ಗಳಲ್ಲಿ ಹಂಚಿಹೋಗಿರುವ ಮುಖ್ಯ ಸಿಬ್ಬಂದಿ, ಕಳೆದ ವರ್ಷ ಮುಗಿದವುಗಳಿಂದ ನಿಜಕ್ಕೂ ಸಿಕ್ಕ ಫಲ. ಉಳಿದವು ಆಯಾ ಪ್ರಾಜೆಕ್ಟ್ ತಂಡದ ಗೋಡೆಯ ಮೇಲೆ ಇರಲಿ.

ಈ ಪೈಕಿ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಪ್ರಾಜೆಕ್ಟ್ ಮುಗಿದೊಡನೆ ತಂಡ ಚದುರುತ್ತದೆ, ಫಲ ಅಳೆಯಲು ಯಾರೂ ಉಳಿಯುವುದಿಲ್ಲ. ಹಾಗಾಗಿ ಮಂಜೂರಾತಿಯ ಕಡತದಲ್ಲೇ “ಮುಗಿದ 12 ತಿಂಗಳ ನಂತರ ಇದನ್ನು ಅಳೆಯುವವರು ಇಂಥವರು” ಎಂದು ಹುದ್ದೆಯನ್ನು ಬರೆಸಿ.

ಮೂರು ತಿಂಗಳಾದ ಮೇಲೆ ಸಭೆಯ ನಡಾವಳಿಗಳನ್ನು ಬಿಚ್ಚಿ. ಯಾವ ಮಾಪಕದ ಹೆಸರು ಒಂದು ನಿರ್ಣಯದಲ್ಲೂ ಬಂದಿಲ್ಲವೋ ಅದನ್ನು ತೆಗೆಯಿರಿ. ಯಾವ ನಿರ್ಣಯ ಸಂಖ್ಯೆಯಿಲ್ಲದೆ ಬರೀ ಅನಿಸಿಕೆಯ ಮೇಲೆ ಆಯಿತೋ ಅಲ್ಲಿ ಹೊಸ ಮಾಪಕ ಬೇಕು. ಇದನ್ನು ವರ್ಷಕ್ಕೆರಡು ಬಾರಿ ಮಾಡಿ.

ಇನ್ನು, ಯಾವ ಸಾಫ್ಟ್‌ವೇರ್ ಕೊಳ್ಳಬೇಕು ಎಂಬುದು ಈ ಹಂತದಲ್ಲಿ ಖಂಡಿತ ಬರುವ ಪ್ರಶ್ನೆ. ಐವತ್ತು ಪ್ರಾಜೆಕ್ಟ್‌ಗಳವರೆಗೆ ಒಂದು ಎಕ್ಸೆಲ್ ಹಾಳೆ ಸಾಕು: ಸಾಲಿಗೊಂದು ಪ್ರಾಜೆಕ್ಟ್, ಮೂಲ ದಿನಾಂಕ, ಈಗಿನ ಅಂದಾಜು, ಮೂಲ ವೆಚ್ಚ, ಈಗಿನ ಅಂದಾಜು, ಗುರಿ, ಹೊಣೆ ಎಂಬ ಆರು ಕಾಲಂ. ಆ ಹಾಳೆಯನ್ನು ಎರಡು ತ್ರೈಮಾಸಿಕ ತಪ್ಪದೆ ತುಂಬಿದ ಮೇಲೂ ಕೈಗೆ ಸಾಲದು ಎನಿಸಿದರೆ ಮಾರಾಟಗಾರರನ್ನು ಒಳಗೆ ಕರೆಯಿರಿ. ಅವರು ಬಂದಾಗ ಅವರ ಡ್ಯಾಶ್‌ಬೋರ್ಡಿನ ಸೂಚಕಗಳನ್ನು ನೋಡುವ ಮೊದಲು ನಿಮ್ಮ ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಇವುಗಳನ್ನು ತೋರಿಸಲು ಬರುತ್ತದೆಯೇ ಎಂದು ಕೇಳಿ.